ತೊಲೆ ಸವರಿ ನೋಡಿದವರು

ಕೊರೊನಾ ಬಂದ ವರ್ಷ ನಾನು ಟೋಕಿಯೊದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೆ. ಇಂಗ್ಲೆಂಡಿನ ಹಳೆಯ ಹಜಾರದ ಮನೆಗಳು ನನ್ನ ವಿಷಯ. ಐನೂರು, ಆರುನೂರು ವರ್ಷಗಳ ಹಿಂದೆ ಅಲ್ಲಿನ ರೈತರು ಸೂರಿನವರೆಗೂ ತೆರೆದ ದೊಡ್ಡ ಹಜಾರ ಕಟ್ಟಿ, ನಡುನೆಲದಲ್ಲಿ ಬೆಂಕಿ ಉರಿಸುತ್ತಿದ್ದರು. ಚಿಮಣಿ ಇಲ್ಲದ್ದರಿಂದ ಸೂರಿನ ಮರಗಳೆಲ್ಲ ಕಪ್ಪಾಗುತ್ತಿದ್ದವು. ಮುಂದಿನ ತಲೆಮಾರುಗಳು ಚಿಮಣಿ ಕಟ್ಟಿದವು, ಮಹಡಿ ಹಾಕಿದವು, ಗೋಡೆ ಎತ್ತಿ ಕೋಣೆ ಮಾಡಿಕೊಂಡವು. ಅಂಥದೊಂದು ಮನೆಯನ್ನು ಅಳೆದು ಬರಲು ಟಿಕೆಟ್ ತೆಗೆದಿಟ್ಟಿದ್ದೆ. ಅಷ್ಟರಲ್ಲಿ ಗಡಿಗಳು ಮುಚ್ಚಿದವು.

ಆ ಮನೆಯ ಒಡತಿ ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಬರಲಾಗುವುದಿಲ್ಲ ಎಂದು ಬರೆದೆ. ಟೇಪು, ಟಾರ್ಚು, ಏಣಿ ಮೂರೂ ಇವೆ, ಏನು ಅಳೆಯಬೇಕು ಹೇಳಿ ಎಂದು ಮರುದಿನವೇ ಉತ್ತರ ಬಂತು. ಟೋಕಿಯೊದ ಓಜಿಮಾ ಬಡಾವಣೆಯ ನನ್ನ ಫ್ಲ್ಯಾಟಿನಲ್ಲಿ ಸಂಜೆ ಐದಾದರೆ ಅವರಿಗೆ ಬೆಳಗಿನ ಒಂಬತ್ತು. ವಾರಕ್ಕೆರಡು ದಿನ ವಿಡಿಯೊ ಕರೆಯಲ್ಲಿ ಸಿಗುತ್ತಿದ್ದೆವು. ಮೊದಲ ವಾರದ ಅಳತೆಗಳೆಲ್ಲ ಇಂಚಿನಲ್ಲಿದ್ದವು, ನನಗೆ ಬೇಕಿದ್ದದ್ದು ಮಿಲಿಮೀಟರಿನಲ್ಲಿ. ಗೊಣಗದೆ ಎಲ್ಲವನ್ನೂ ಮತ್ತೆ ಅಳೆದರು. ಸೂರಿನೊಳಗೆ ತೆವಳಿಕೊಂಡು ಹೋಗಿ, ತಲೆತುಂಬ ಜೇಡರ ಬಲೆಯೊಂದಿಗೆ, ಮಸಿಯಾದ ಬೆರಳನ್ನು ಕ್ಯಾಮೆರಾಗೆ ಹಿಡಿದರು.

ತೊಡಕಾದದ್ದು ಮಹಡಿಯ ಮೇಲೆ ಅವರು ಮಲಗುವ ಕೋಣೆಯ ತೊಲೆ. ಅದರಡಿಗೆ ಈಗ ಗೋಡೆಯಿತ್ತು. ಆ ಗೋಡೆ ಮೊದಲಿನದೇ ಆದರೆ ಹಜಾರ ಚಿಕ್ಕದು, ಆಮೇಲಿನದಾದರೆ ಅದರ ಎರಡರಷ್ಟು. ತೊಲೆಗೆ ದಪ್ಪನಾಗಿ ಬಿಳಿ ಬಣ್ಣ ಬಳಿದಿದ್ದರಿಂದ ಫೋಟೊದಲ್ಲಿ ಏನೂ ತಿಳಿಯುತ್ತಿರಲಿಲ್ಲ. ಒಂದಿಡೀ ಅಧ್ಯಾಯ ಅಲ್ಲಿಗೇ ನಿಂತಿತು.

ನಮ್ಮ ಮಹಡಿಯಲ್ಲೇ ಒಬ್ಬ ನಿವೃತ್ತ ಬಡಗಿ ಇದ್ದರು. ಎಲ್ಲರಂತೆ ನಾನೂ ಅವರನ್ನು ದೈಕು-ಸಾನ್, ಅಂದರೆ ಬಡಗಿಯವರೇ, ಎಂದೇ ಕರೆಯುತ್ತಿದ್ದೆ. ಒಂದು ದಿನ ಕಾರಿಡಾರಿನಲ್ಲಿ ಮಾಸ್ಕ್ ಹಾಕಿಕೊಂಡು ದೂರ ನಿಂತೇ ಫೋಟೊ ತೋರಿಸಿದೆ. ಅವರು ಕತ್ತು ಚಾಚಿ ನೋಡಿದರು. ಎರಡು ದಿನ ಬಿಟ್ಟು, ತಾವೇ ಕೆತ್ತಿದ ಪುಟ್ಟ ತೊಲೆಯೊಂದನ್ನು ತಂದರು. ಅದರ ಅಡಿಗೆ ಕಂಬವೊಂದು ಸೇರಿತ್ತು, ಪಕ್ಕದಿಂದ ಮರದ ಗೂಟ ಹೊಡೆದಿತ್ತು.

"ಗೋಡೆ ಮೊದಲಿಂದ ಇದ್ದಿದ್ರೆ ಅದರ ಕಂಬಗಳನ್ನ ಹಿಡಿದಿಡೋಕೆ ತೊಲೆಯ ಪಕ್ಕದಲ್ಲಿ ಹೀಗೆ ಸಾಲಾಗಿ ಗೂಟ ಇರ್ತಾವೆ," ಅಂದರು. "ನೋಡೋಕೆ ಹೇಳ್ಬೇಡಮ್ಮ, ಕೈಯಲ್ಲಿ ಸವರೋಕೆ ಹೇಳು."

ಅಂದಿನ ಸಂಜೆಯ ಕರೆಯಲ್ಲಿ ಮನೆಯ ಒಡತಿಗೆ ಹಾಗೇ ಹೇಳಿದೆ. ಆಕೆ ಸ್ಟೂಲ್ ಹತ್ತಿ, ಕಣ್ಣು ಮುಚ್ಚಿ, ತೊಲೆಯನ್ನು ಈ ತುದಿಯಿಂದ ಆ ತುದಿಗೆ ಸವರಿದರು. ಇಳಿದು, ಪಕ್ಕದ ಕೋಣೆಗೆ ಹೋಗಿ ಆ ಮಗ್ಗುಲನ್ನೂ ಸವರಿದರು.

"ಒಂದೂ ಇಲ್ಲ," ಅಂದರು. ಗೋಡೆ ಆಮೇಲೆ ಬಂದದ್ದು, ಎರಡು ಕೋಣೆಯೂ ಸೇರಿ ಒಂದೇ ಹಜಾರವಾಗಿತ್ತು ಎಂದೆ. ಅವರು ಹಾಸಿಗೆಯ ಮೇಲೆ ಕೂತುಬಿಟ್ಟರು. "ಇಷ್ಟು ವರ್ಷ ಹಜಾರದ ಮಧ್ಯೆ ತೇಲ್ತಾ ಮಲಗಿದೀನಿ, ಗೊತ್ತೇ ಇರ್ಲಿಲ್ಲ."

ಮುಂದಿನ ಕರೆಗೆ ದೈಕು-ಸಾನ್ ಅವರನ್ನೂ ಕರೆದೆ. ಅವರು ಬಾಗಿ ನಮಸ್ಕರಿಸಿದರು, ಅಲ್ಲಿಂದ ಆಕೆ ಟೇಪು ಬೀಸಿದರು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಆಕೆ ಒಂದೊಂದೇ ಮರ ತೋರಿಸುತ್ತ ಹೋದಂತೆ ಇವರು ಪರದೆಯ ಹತ್ತಿರಕ್ಕೆ ಸರಿಯುತ್ತಿದ್ದರು. ಅನುವಾದ ಮಾಡಲು ಕೂತ ನಾನು ಸ್ವಲ್ಪ ಹೊತ್ತಿಗೆ ಎದ್ದು ಚಹಾಕ್ಕೆ ನೀರಿಟ್ಟೆ.

ಪ್ರಬಂಧ ಒಪ್ಪಿತವಾಯಿತು. ಪರೀಕ್ಷಕರೊಬ್ಬರು ಅಳತೆಗಳನ್ನು ಮೆಚ್ಚಿ, ಯಾರು ತೆಗೆದದ್ದು ಎಂದು ಕೇಳಿದರು. ಇಬ್ಬರ ಹೆಸರನ್ನೂ ಹೇಳಿದೆ. ಆ ಮನೆಯೊಳಗೆ ನಾನು ಇನ್ನೂ ಕಾಲಿಟ್ಟಿಲ್ಲ.