ಕಾಫಿ ಸಿಗಡಿಯ ಕಿರಿ ಸೊಸೆ

ಆ ಅಡುಗೆಮನೆಗೆ ಇರುವುದು ಒಂದೇ ಬಾಗಿಲು, ಅದೂ ಒಳಕ್ಕೆ ತೆರೆಯುವಂಥದ್ದು. ಬಾಗಿಲಿನ ಬೆನ್ನಿಗೇ ದೊಡ್ಡ ಓವನ್ನು. ಓವನ್ನಿನ ಕದ ಎಳೆದರೆ ಅದು ಕೆಳಕ್ಕೆ ಮಲಗಿ ಬಾಗಿಲಿಗೆ ಅಡ್ಡ ಬೀಳುತ್ತದೆ. ಆಗ ಹೊರಗಿನವರು ಒಳಗೆ ಬರುವ ಹಾಗಿಲ್ಲ, ಒಳಗಿನವಳು ಹೊರಗೆ ಹೋಗುವ ಹಾಗಿಲ್ಲ. ಒಲೆ ರಿಪೇರಿ ನನ್ನ ಕಸುಬು. ಈ ಓವನ್ನನ್ನು ಪಕ್ಕದ ಗೋಡೆಗೆ ತಿರುಗಿಸೋಣ ಎಂದು ಹೊಟೇಲಿನ ಯಜಮಾನನಿಗೆ ಹೇಳಿ ಹೇಳಿ ನನ್ನ ಗಂಟಲೇ ಒಣಗಿತು.

"ಒಳಗಿರೋಳು ಒಬ್ಬಳು. ಅವಳೆಲ್ಲಿಗೆ ಹೋಗ್ತಾಳೆ ಬಿಡಿ ತಾತ," ಎಂದು ಅವನು ನಕ್ಕುಬಿಟ್ಟ.

ಆ ಒಬ್ಬಳು ಅವನ ತಮ್ಮನ ಹೆಂಡತಿ, ಮನೆಯ ಕಿರಿ ಸೊಸೆ. ಊಟಕ್ಕೆ ಬರುವವರ ಬಾಯಲ್ಲಿ ಕಾಫಿ ಸಿಗಡಿಯಕ್ಕ. ಹೊಟೇಲು ಕೆಳಗೆ, ಮನೆ ಮೇಲೆ. ಮೆಟ್ಟಿಲು ಇಳಿದರೆ ನೇರ ಊಟದ ಹಾಲ್, ಅಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಅತ್ತೆ. ಅತ್ತೆಯ ಕಣ್ಣಿಗೆ ಬೀಳದೆ ಬೀದಿಗೆ ಕಾಲಿಡಲು ಬೆಕ್ಕಿಗೂ ಆಗುತ್ತಿರಲಿಲ್ಲ.

ಮದುವೆಯಾಗಿ ಬಂದ ಹೊಸದರಲ್ಲಿ ಇವಳಿಗೆ ಸಿಗಡಿ ಸುಲಿಯುವುದೊಂದೇ ಕೆಲಸ. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಬೆರಳ ಸಂದಿಯ ನಾತ ಹೋಗದು. ಗಂಡ ಆ ಕಡೆ ಮುಖ ಮಾಡಿ ಮಲಗುತ್ತಿದ್ದ. ಒಂದು ದಿನ ಬೇಸತ್ತು, ಕಾಫಿ ಸೋಸಿ ಉಳಿದ ಚರಟವನ್ನೇ ಅಂಗೈಗೆ ಹಾಕಿಕೊಂಡು ಉಜ್ಜಿದಳು. ಮೂಸಿ ನೋಡಿದರೆ ನಾತದ ಸುಳಿವಿಲ್ಲ! ಬೇರೆಯವರಾಗಿದ್ದರೆ ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಇವಳ ತಲೆ ಮುಂದಕ್ಕೆ ಓಡಿತು. ಕೈಗೆ ಒಗ್ಗಿದ್ದು ಬಾಯಿಗೆ ಯಾಕೆ ಒಗ್ಗಬಾರದು?

ಕಾಫಿ ಪುಡಿಯನ್ನು ಹಿಟ್ಟಿನ ಹಾಗೆ ನುಣ್ಣಗೆ ಬೀಸಿದಳು. ಅದಕ್ಕೆ ಒಣಮೆಣಸಿನ ಪುಡಿ, ಕರಿಮೆಣಸು, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಚೂರು ಬೆಲ್ಲ. ಸಿಗಡಿಯ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆದು, ಎಣ್ಣೆ ಸವರಿ, ಆ ಪುಡಿಯಲ್ಲಿ ಹೊರಳಿಸಿದಳು. ಬರಿಯ ತಟ್ಟೆಯನ್ನು ಓವನ್ನಿನಲ್ಲಿಟ್ಟು ಮೊದಲೇ ಕಾಯಿಸಿಕೊಂಡಿದ್ದಳು. ಅದರ ಮೇಲೆ ಸಿಗಡಿಯನ್ನು ಒಂದಕ್ಕೊಂದು ತಾಗದ ಹಾಗೆ ಹರಡಿದಾಗ ಚುರ್ರೆಂದಿತು. ನಾಲ್ಕೈದು ನಿಮಿಷ, ಅಷ್ಟೇ. ಸಿಗಡಿ ಕೊಕ್ಕೆಯ ಹಾಗೆ ಬಾಗಿದರೆ ಬೆಂದಿದೆ. ಉಂಗುರದ ಹಾಗೆ ಸುತ್ತಿಕೊಂಡರೆ ರಬ್ಬರು, ಪುಡಿಯೂ ಸೀದು ಕಹಿ. ಹೊರಗೆ ಬಂದ ತಟ್ಟೆಯ ಮೇಲೆ ಹೊಗೆಯ ಘಮ, ಅಂಚಿನಲ್ಲಿ ಬೆಲ್ಲ ಕರಗಿ ಮಿಂಚು. ಊಟಕ್ಕೆ ಕೂತವರೆಲ್ಲ ತಲೆಯೆತ್ತಿದರು. ಅಂದಿನಿಂದ ಆ ಬೀದಿಯಲ್ಲಿ ಬೇರೆ ಅಡುಗೆಯ ಹೆಸರೇ ಅಡಗಿತು.

ಅವಳ ಭಾವ, ಅಂದರೆ ಯಜಮಾನ, ಕೆಟ್ಟವನೇನಲ್ಲ. ಕೈ ಬಿಗಿ, ನಿದ್ದೆ ಜಾಸ್ತಿ. ಒಮ್ಮೆ ಎದ್ದಿದ್ದು ತಡವಾಗಿ, ಮೀನು ಮಾರುಕಟ್ಟೆಯಲ್ಲಿ ಉಳಿದಿದ್ದ ಹಳೆಯ ಸಿಗಡಿಯ ಪೆಟ್ಟಿಗೆಯನ್ನೇ ಹೊತ್ತು ತಂದ. ಇವಳು ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡಳು.

"ಭಾವ, ಇದು ಮೆತ್ತಗಾಗಿದೆ. ತಲೆ ಕಪ್ಪಾಗಿ ಕಳಚಿ ಬರ್ತಿದೆ ನೋಡಿ."

"ಇವತ್ತೊಂದು ದಿನ ಕಣಮ್ಮ. ಕಾಫಿ ಪುಡಿ ಒಂದು ಹಿಡಿ ಜಾಸ್ತಿ ಹಾಕು. ನಿನ್ನ ಕೈ ನಾತ ಕಳೆದದ್ದು ಇದರ ನಾತ ಕಳೆಯಲ್ವಾ?"

ಕಳೆಯಿತು. ಅದೇ ಅವಳ ಗ್ರಹಚಾರ. ಕೂತವರು ಬೆರಳು ಚೀಪಿ ಎದ್ದುಹೋದರು, ಯಾರಿಗೂ ಏನೂ ಆಗಲಿಲ್ಲ. ಭಾವನಿಗೆ ಬೆಳಗಿನ ನಿದ್ದೆ ಸಿಹಿಯಾಯಿತು. ಅಂದಿನ ಒಂದು ದಿನ ವಾರಕ್ಕೊಂದು ದಿನವಾಯಿತು, ಆಮೇಲೆ ತಾಜಾ ಸಿಗಡಿ ಬಂದ ದಿನವೇ ಅಪರೂಪವಾಯಿತು. ಬೆಳಕು ಹರಿಯುವ ಮೊದಲು ಮಾರುಕಟ್ಟೆಗೆ ಹೋಗುತ್ತಿದ್ದವನು ಬಿಸಿಲೇರಿದ ಮೇಲೆ ಹಲ್ಲುಕಡ್ಡಿ ಕಚ್ಚಿಕೊಂಡು ಹೋಗತೊಡಗಿದ.

ಒಮ್ಮೆ ಇಡೀ ಪೆಟ್ಟಿಗೆಯನ್ನು ಕಿಟಕಿಯಿಂದ ಹಿಂದಿನ ಚರಂಡಿಗೆ ಸುರಿದಳು. ಅತ್ತೆ ಕೇರಿಯೆಲ್ಲ ಕೇಳುವ ಹಾಗೆ ಕೂಗಾಡಿದಳು. "ತವರಿಂದ ಹೊತ್ಕೊಂಡು ಬಂದಿದ್ಯೇನೇ ಸುರಿಯೋಕೆ? ಮಹಾರಾಣಿಯ ಮೂಗಿಗೆ ಅತ್ತರೇ ಬೇಕೇನೋ!"

ಸಂಜೆ ಗಂಡನ ಹತ್ತಿರ ಹೇಳಿಕೊಂಡಳು. ಅವನು ಮೇಜು ಒರೆಸುವ, ತಟ್ಟೆ ಹಂಚುವ ಆಸಾಮಿ. ಅಣ್ಣನ ಎದುರು ತುಟಿ ಪಿಟಕ್ಕೆನ್ನದವನು.

"ರೀ, ನೀವಾದ್ರೂ ಒಂದು ಮಾತು ಹೇಳಿ."

"ಅಣ್ಣನಿಗೆ ಗೊತ್ತಿರಲ್ವೇನೇ? ಇಷ್ಟು ವರ್ಷದಿಂದ ವ್ಯಾಪಾರ ಮಾಡ್ತಿದಾನೆ."

"ನೀವು ತಿಂತೀರಾ ಅದನ್ನ?"

ಅವನು ಸಿಗಡಿ ತಿನ್ನುವುದನ್ನು ಬಿಟ್ಟು ತಿಂಗಳಾಗಿತ್ತು. ಮನೆಯವರೆಲ್ಲ ಬಿಟ್ಟಿದ್ದರು. ಯಾರೂ ಯಾಕೆಂದು ಕೇಳಿಕೊಂಡಿರಲಿಲ್ಲ, ಅಷ್ಟೇ.

ಹೀಗೆ ಅವಳು ಸಿಕ್ಕಿಬಿದ್ದಳು. ಪುಡಿ ಕಡಿಮೆ ಹಾಕಿದರೆ ನಾತ, ಜಾಸ್ತಿ ಹಾಕಿದರೆ ಮೋಸ. ತಾನೇ ಹುಟ್ಟಿಸಿದ ರುಚಿ ತನ್ನ ಕುತ್ತಿಗೆಗೇ ಬಿದ್ದಿತ್ತು. ಒಮ್ಮೆ ನಾನು ಓವನ್ನಿನ ಸುಟ್ಟುಹೋದ ಕಾಯಿಸುವ ತಂತಿ ಬದಲಿಸಲು ಹೋದಾಗ ಗೋಡೆಗೆ ಆತು ನಿಂತು, "ತಾತ, ಈ ಓವನ್ ಪೂರ್ತಿ ಕೆಟ್ಟಿದೆ ಅಂತ ಹೇಳಿಬಿಡ್ತೀರಾ?" ಎಂದಳು. ನಾನು ತಮಾಷೆಯೆಂದುಕೊಂಡು, "ನನ್ನ ಹೊಟ್ಟೆ ಮೇಲೆ ಹೊಡೀತೀಯಲ್ಲಮ್ಮ," ಎಂದು ನಕ್ಕೆ. ಅವಳು ನಗಲಿಲ್ಲ.

ಎದುರುಗಡೆ ಬೀಗದ ಕೈ ಮಾಡುವವನೊಬ್ಬನಿದ್ದ. ಮಧ್ಯಾಹ್ನದ ಊಟಕ್ಕೆ ತಪ್ಪದೆ ಬರುವವನು. ಅಡುಗೆಮನೆಯಿಂದ ತಟ್ಟೆ ದಾಟಿಸುವ ಕಿಂಡಿಯ ಪಕ್ಕದ ಕುರ್ಚಿ ಅವನದೇ. ಅವನು ಇದ್ದಕ್ಕಿದ್ದ ಹಾಗೆ ಕಾಣೆಯಾದ. ಅಂಗಡಿಯೂ ಮುಚ್ಚಿತ್ತು. ಎಷ್ಟೋ ದಿನ ಕಳೆದು, ಅಂಗಿ ಜೋಲುವಷ್ಟು ಇಳಿದುಹೋಗಿ, ಬಂದು ಅದೇ ಕುರ್ಚಿಯಲ್ಲಿ ಕೂತ. ಕಿಂಡಿಗೆ ಮುಖವಿಟ್ಟು ಕರೆದ.

"ಅಕ್ಕಾ, ಬದುಕಿದೀನಿ ನೋಡಿ!"

"ಏನಾಗಿತ್ತಣ್ಣ?"

"ಹೊಟ್ಟೆ. ಆಸ್ಪತ್ರೆಯಲ್ಲಿ ಮಲಗಿಸಿದ್ರು. ಎಲ್ಲೋ ದಾರಿಯಲ್ಲಿ ಕೆಟ್ಟ ನೀರು ಕುಡಿದಿದ್ದೆ ಅನ್ಸುತ್ತೆ. ಇಲ್ಲಿ ತಿಂದು ಹೋದ ರಾತ್ರಿಯೇ ಶುರುವಾಯ್ತು. ನನ್ನ ಹೆಂಡತಿ ನಿಮ್ಮ ಹೊಟೇಲನ್ನ ಬೈತಾಳೆ! ನಾನೇ ಬಾಯಿ ಮುಚ್ಚಿಸಿದೆ. ಆ ಅಕ್ಕನ ಕೈ ಅಂಥದ್ದಲ್ಲ ಕಣೇ ಅಂದೆ. ಬಿಸಿನೀರು, ಬ್ರೆಡ್ಡು ತಿಂದು ನಾಲಿಗೆ ಸತ್ತಿದೆ. ಮೊದಲ ತಟ್ಟೆ ನನಗೇ ಕೊಡಿ."

ಆ ಬೆಳಗಿನ ಪೆಟ್ಟಿಗೆ ಕಾಲ ಬಳಿಯೇ ಇತ್ತು. ಹೆಬ್ಬೆರಳಲ್ಲಿ ಒತ್ತಿದರೆ ಒತ್ತಿದ ಗುಳಿ ಹಾಗೇ ಉಳಿಯುವಂಥ ಸಿಗಡಿ.

"ಇವತ್ತು ಸಿಗಡಿ ಬೇಡಣ್ಣ. ಬೇರೆ ಏನಾದ್ರೂ ಮಾಡಿಕೊಡ್ತೀನಿ," ಎಂದಳು.

ಗಲ್ಲಾಪೆಟ್ಟಿಗೆಯಿಂದ ಅತ್ತೆಯ ದನಿ ಬಂತು. "ಬಾಯಿಬಿಟ್ಟು ಕೇಳ್ತಿದಾರೆ, ಇಲ್ಲ ಅಂತೀಯಲ್ಲೇ! ಪೆಟ್ಟಿಗೆ ತುಂಬ ಇಲ್ವಾ? ಎಲ್ಲರಿಗೂ ಹಾಕು."

ಊಟದ ಹಾಲ್ ತುಂಬಿತ್ತು. ಪಕ್ಕದ ಆಫೀಸಿನವರು ಗುಂಪಾಗಿ ಬಂದಿದ್ದರು. ಅವಳು ಒಂದು ಗಳಿಗೆ ಪುಡಿಯ ಡಬ್ಬಿಯನ್ನು ನೋಡಿದಳು. ಅದರ ಮುಚ್ಚಳ ತೆಗೆಯಲಿಲ್ಲ. ಸಿಗಡಿಗೆ ಬರೀ ಎಣ್ಣೆ, ಉಪ್ಪು ಸವರಿ, ಕಾದ ತಟ್ಟೆಯ ಮೇಲೆ ಹರಡಿ ಕದ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಓವನ್ನಿನ ಕದ ಎಳೆದು ಕೆಳಕ್ಕೆ ಮಲಗಿಸಿದವಳು, ಹಾಗೇ ಬಿಟ್ಟಳು.

ಬಿಸಿಯೇರಿದ ಹಳಸಲು ನಾತ ಕಿಂಡಿಯಿಂದ ಊಟದವರತ್ತ ನುಗ್ಗಿತು. ಮೊದಲು ಬೀಗದ ಕೈಯವನ ಮುಖ ಸಿಂಡರಿಸಿತು. ಆಮೇಲೆ ಆಫೀಸಿನವನೊಬ್ಬ ಕರವಸ್ತ್ರ ಹುಡುಕಿದ. "ಥೂ, ಏನ್ರೀ ಇದು, ಇಲಿ ಸತ್ತಿದೆಯಾ?" ಕುರ್ಚಿಗಳು ಸರಿದ ಸದ್ದಾಯಿತು. ಭಾವ ಓಡಿಬಂದು ಅಡುಗೆಮನೆಯ ಬಾಗಿಲು ನೂಕಿದ. ಅದು ಓವನ್ನಿನ ಕದಕ್ಕೆ ಬಡಿದು, ಬೆರಳು ತೂರುವಷ್ಟು ಸಂದಿಯಲ್ಲಿ ನಿಂತಿತು.

"ಕಾಫಿ ಪುಡಿ ಎಲ್ಲಿ? ಹಾಕಲಿಲ್ವಾ?" ಸಂದಿಯಲ್ಲಿ ಪಿಸುಗುಟ್ಟಿದ.

"ಡಬ್ಬಿಯಲ್ಲಿದೆ ಭಾವ." ಅವಳು ಪಿಸುಗುಟ್ಟಲಿಲ್ಲ.

"ಆ ಕದ ಮುಚ್ಚಮ್ಮ! ಮರ್ಯಾದೆ ಹೋಗ್ತಿದೆ!"

"ದಿನಾ ಇದೇ ಸಿಗಡಿ ಅಲ್ವಾ ಭಾವ. ಒಂದು ದಿನ ಪುಡಿಯಿಲ್ಲದೆ ಹೇಗಿರುತ್ತೆ ಅಂತ ಅವರೂ ನೋಡ್ಲಿ."

ಬೀಗದ ಕೈಯವನು ಎದ್ದು ನಿಂತು ಕಿಂಡಿಯೊಳಗೆ ನೋಡಿದ. ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳು ಆಮೇಲೆ ನನ್ನೊಡನೆ ಹೇಳಿದಳು. ಅವನು ಹೊರಟ, ಅವನ ಹಿಂದೆ ಎಲ್ಲರೂ. ಗಂಡ ಮಾತ್ರ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು, ಯಾರೂ ಇಲ್ಲದ ಮೇಜನ್ನು ಒರೆಸುತ್ತಲೇ ಇದ್ದ.

ಅಂದು ಮನೆಯಲ್ಲಿ ದೊಡ್ಡ ರಂಪವಾಯಿತು. ಅತ್ತೆ ಅತ್ತಳು, ಭಾವ ಪಾತ್ರೆ ಎಸೆದ. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟಳು. "ಅಷ್ಟು ದೊಡ್ಡ ಮೂಗಿದ್ದರೆ ಇನ್ಮೇಲೆ ನೀನೇ ಮಾರ್ಕೆಟ್ಟಿಗೆ ಹೋಗು. ನೀನೇ ಆರಿಸು, ನೀನೇ ಹೊತ್ತು ತಾ, ನೀನೇ ಸುಡು. ಆಮೇಲೆ ಯಾರನ್ನೂ ದೂರಬೇಡ."

ಶಿಕ್ಷೆಯೆಂದು ಕೊಟ್ಟದ್ದನ್ನು ಅವಳು ವರವೆಂದು ಹಿಡಿದುಕೊಂಡಳು. ಕತ್ತಲಿರುವಾಗಲೇ ಎದ್ದು ಹೋಗಿ ಒಂದೊಂದೇ ಸಿಗಡಿ ಒತ್ತಿ ನೋಡಿ ತಂದಳು. ಜನ ಮೆಲ್ಲಗೆ ಹಿಂದಿರುಗಿದರು. ಬೀಗದ ಕೈಯವನು ಬರಲಿಲ್ಲ. ಅಂಗಡಿ ತೆರೆಯುವಾಗ ಈ ಕಡೆಗೆ ಬೆನ್ನು ಹಾಕಿ ಕೂರುತ್ತಿದ್ದ.

ವರದ ಭಾರ ಬರಬರುತ್ತ ತಿಳಿಯಿತು. ಬೇರೆ ಊರಿನಲ್ಲಿರುವ ಅವಳ ಅಕ್ಕ, "ಬಂದುಬಿಡೇ, ಇಬ್ಬರೂ ಸೇರಿ ಏನಾದ್ರೂ ಮಾಡೋಣ," ಎಂದು ಕರೆದಳು. ಹೋಗಬಾರದೇನಮ್ಮ ಎಂದು ನಾನೂ ಕೇಳಿದೆ.

"ಹೋಗ್ತೀನಿ ತಾತ. ಆಮೇಲೆ? ಕಾಫಿ ಪುಡಿ ಉದುರಿಸೋದು ಯಾರಿಗೆ ಬರಲ್ಲ? ಮತ್ತೆ ಹಳಸಿದ್ದನ್ನೇ ನನ್ನ ಹೆಸರಿಟ್ಟು ಮಾರ್ತಾರೆ. ಆ ಅಕ್ಕನ ಕೈ ಅಂತ ಜನ ನಂಬಿ ತಿಂತಾರೆ."

ಕಳೆದ ಚಳಿಗಾಲ ಅವಳಿಗೆ ಜ್ವರ ಬಂತು. ಮೈ ಕೆಂಡ, ಎದ್ದು ಕೂರಲೂ ತ್ರಾಣವಿಲ್ಲ. ಬೆಳಕು ಹರಿದಿತ್ತು. ಭಾವ ಕೋಣೆಯ ಬಾಗಿಲಲ್ಲಿ ನಿಂತ. ಕೈಯಲ್ಲಿ ಅವಳಿಗೆಂದು ಬಿಸಿ ಹಾಲು.

"ಇವತ್ತೊಂದು ದಿನ ಮಲಗಮ್ಮ," ಎಂದ. "ಪಾಪ, ಎಷ್ಟು ದುಡೀತೀಯ. ಸಿಗಡಿ ನಾನೇ ತರ್ತೀನಿ."

ಅವನು ಅಷ್ಟು ಮೆತ್ತಗೆ ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ಹಾಲಿನ ಲೋಟ ತೆಗೆದುಕೊಂಡು ಪಕ್ಕಕ್ಕಿಟ್ಟಳು. ಕಂಬಳಿ ಸರಿಸಿ, ಗೋಡೆ ಹಿಡಿದು, ಎದ್ದು ನಿಂತಳು.