ನಂಬಲು ಹೊರಟ ನನ್ನ ತಮ್ಮ

“ಅಕ್ಕಾ, ಹೊಸ ಕನ್ನಡಕ ಹಾಕ್ಕೊಂಡವರು ಮಾರನೇ ದಿನವೇ ವಾಪಸ್ ಬಂದು ಜಗಳ ತೆಗೀತಾರೆ ನೋಡು. ನೆಲ ಎದ್ದು ಬಂದ ಹಾಗಿದೆ, ಮೆಟ್ಟಿಲು ಎಲ್ಲೋ ಇದೆ ನಾನು ಕಾಲು ಎಲ್ಲೋ ಇಡ್ತೀನಿ, ತಲೆ ಸುತ್ತುತ್ತೆ, ಏನಯ್ಯಾ ಕೊಟ್ಟೆ ನನಗೆ ಅಂತಾರೆ. ನಾನೇನು ಹೇಳ್ತೀನಿ? ತೆಗೀಬೇಡಿ, ಹಾಕ್ಕೊಂಡೇ ಇರಿ, ಕಣ್ಣು ತಾನಾಗೇ ಹೊಂದಿಕೊಳ್ಳುತ್ತೆ ಅಂತೀನಿ. ಹೊಂದಿಕೊಳ್ಳುತ್ತೆ ಕೂಡ. ಆಮೇಲೆ ಅದೇ ಜನ ಸ್ನಾನಕ್ಕೆ ಹೋಗುವಾಗಲೂ ತೆಗೆಯೋದು ಮರೀತಾರೆ. ದೇವರೂ ಹಾಗೇ ಇರಬೇಕು ಅಂದ್ಕೊಂಡಿದೀನಿ. ಮೊದಲು ಹಾಕ್ಕೊಂಡುಬಿಡೋದು. ಒಳಗೆ ನಂಬಿಕೆ ಇದೆಯೋ ಇಲ್ಲವೋ ಅಂತ ಕೆದಕೋದೇ ಬೇಡ. ದಿನಾ ಸಂಜೆ ಹೋಗಿ ಕೂತ್ಕೊಳ್ಳೋದು, ಕಣ್ಣು ಮುಚ್ಚೋದು, ಎಲ್ಲರೂ ಹೇಳಿದ್ದು ಹೇಳೋದು. ಮೊದಮೊದಲು ನೆಲ ಸೊಟ್ಟ ಕಾಣುತ್ತೆ, ಕಾಣಲಿ. ನಗಬೇಡ ಅಕ್ಕಾ, ನಾನು ತಮಾಷೆ ಮಾಡ್ತಿಲ್ಲ. ಈ ವಯಸ್ಸಲ್ಲಿ ನನಗೆ ಒಬ್ಬಳು ಬೇಕು ಅನ್ನಿಸಿದಾಳೆ. ಅವಳಿಗೆ ದೇವರು ಬೇಕು. ಅಂದಮೇಲೆ ನನಗೂ ಬೇಕು.”

ನನ್ನ ತಮ್ಮ ಹೀಗೆ ಹೇಳಿದಾಗ ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ನಗಬೇಡ ಅಂದಿದ್ದಕ್ಕೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೆ.

ಅವನದು ಕನ್ನಡಕದ ಅಂಗಡಿ. ಒಂದು ಕುರ್ಚಿ, ಎದುರು ಗೋಡೆಗೆ ಅಕ್ಷರದ ಹಲಗೆ, ಗಾಜುಗಳನ್ನು ಸಾಲಾಗಿ ಜೋಡಿಸಿದ ಮರದ ತಟ್ಟೆ, ಮೂಲೆಯಲ್ಲಿ ಬಿಸಿ ಮರಳಿನ ಬಟ್ಟಲು. ಫ್ರೇಮಿನ ಕಡ್ಡಿಯನ್ನು ಆ ಮರಳಿನಲ್ಲಿ ಹುಗಿದು ಮೆತ್ತಗೆ ಮಾಡಿ, ಬಂದವರ ಕಿವಿಗೆ ತಕ್ಕಂತೆ ಬಗ್ಗಿಸುತ್ತಾನೆ. ಬೀದಿಗೆಲ್ಲ ಅವನು ಕನ್ನಡಕದಣ್ಣ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಅಮ್ಮ ಹಾಸಿಗೆ ಹಿಡಿದಾಗ ನೋಡಿಕೊಂಡವನು ಅವನೇ. ಅದೇ ಗಡಿಬಿಡಿಯಲ್ಲಿ ಮದುವೆಯ ವಯಸ್ಸು ಮೆಲ್ಲಗೆ ಜಾರಿಹೋಯಿತು. ನನ್ನ ಯಜಮಾನರು ಹೋದ ಮೇಲೆ ನಾನೂ ಅವನ ಮನೆಗೇ ಬಂದೆ.

ಅಮ್ಮ ನಮ್ಮಿಬ್ಬರನ್ನೂ ಒಂದೇ ರೀತಿ ಬೆಳೆಸಿದಳು. ಸಂಜೆಯಾದರೆ ಪಕ್ಕಪಕ್ಕ ಕೂರಿಸಿ ಪ್ರಾರ್ಥನೆ ಹೇಳಿಸುತ್ತಿದ್ದಳು. ಆ ಹೊತ್ತಿನಲ್ಲಿ ಕೋಣೆಗೆ ಇನ್ಯಾರೋ ಬಂದು ನಮ್ಮ ಜೊತೆ ಕೂತ ಹಾಗೆ ನನಗೆ ಅನ್ನಿಸುತ್ತಿತ್ತು. ಅವನಿಗೆ ಹಸಿವು ಅನ್ನಿಸುತ್ತಿತ್ತಂತೆ. ದೊಡ್ಡವನಾದ ಮೇಲೆ ಅವನು ಯಾರ ದೇವರ ಬಗ್ಗೆಯೂ ಹಗುರವಾಗಿ ಮಾತಾಡಿದವನಲ್ಲ. “ನನಗೆ ಗೊತ್ತಾಗಲ್ಲ ಅಕ್ಕಾ, ಅಷ್ಟೇ” ಅನ್ನುತ್ತಿದ್ದ, ತನಗೆ ಈಜು ಬರುವುದಿಲ್ಲ ಅನ್ನುವ ಹಾಗೆ.

ಅವನಿಗೆ ಬೇಕು ಅನ್ನಿಸಿದವಳು ಅದೇ ಬೀದಿಯ ದಾರದಮ್ಮ. ದಾರ, ಗುಂಡಿ, ಲೇಸು ಮಾರುವ ಅಂಗಡಿ ಅವಳದು. ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಎಂದು ಒಂದು ದಿನ ಇವನ ಕುರ್ಚಿಯಲ್ಲಿ ಬಂದು ಕೂತಳು. ಇವನು ಗಾಜು ಬದಲಿಸಿ ಬದಲಿಸಿ, “ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?” ಎಂದು ಕೇಳಿದನಂತೆ. ಅವಳು ಹಲಗೆಯ ಕಡೆ ತಿರುಗಿಯೂ ನೋಡಲಿಲ್ಲ. ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ಒಂದೇ ಸಲಕ್ಕೆ ದಾರ ಪೋಣಿಸಿ, “ಇದೇ” ಅಂದಳಂತೆ. ನನ್ನ ತಮ್ಮ ಕೆಟ್ಟಿದ್ದು ಅಲ್ಲಿ. ಆಮೇಲೆ ಅವನ ಅಂಗಿಗಳ ಗುಂಡಿ ವಾರಕ್ಕೊಂದರಂತೆ ಕಿತ್ತು ಬರಲು ಶುರುವಾಯಿತು.

ಕೊನೆಗೆ, “ಅಕ್ಕಾ, ನೀನೂ ಬಾ, ನನಗೆ ಒಬ್ಬನೇ ಹೋದ್ರೆ ಬಾಯಿ ಕಟ್ಟುತ್ತೆ” ಎಂದು ನನ್ನನ್ನು ಅವಳ ಅಂಗಡಿಗೆ ಎಳೆದುಕೊಂಡು ಹೋದ. ಅಲ್ಲಿ ಅವನ ಬಾಯಿ ಕಟ್ಟಿಯೇ ಕಟ್ಟಿತು. ನಾನೇ ಹೇಳಬೇಕಾಯಿತು.

ದಾರದಮ್ಮ ಕೈಯಲ್ಲಿದ್ದ ಲೇಸು ಸುತ್ತುತ್ತಲೇ ಕೇಳಿಸಿಕೊಂಡಳು. “ನಾನು ಮುಚ್ಚುಮರೆ ಮಾಡಲ್ಲ ಅಕ್ಕಾ. ಇವರು ಒಳ್ಳೆಯವರು, ಗೊತ್ತಿದೆ. ನನಗೂ ಇಷ್ಟ ಇಲ್ಲ ಅಂತಲ್ಲ. ಆದ್ರೆ ಸಂಜೆ ನಾನು ದೇವರ ಹತ್ರ ಮಾತಾಡೋ ಹೊತ್ತು ಒಂದಿದೆಯಲ್ಲ, ನಾನು ಬದುಕಿರೋದೇ ಅದರಿಂದ. ನಂಬಿಕೆ ಇಲ್ಲದವರು ಪಕ್ಕದಲ್ಲಿ ಕೂತು ಗಡಿಯಾರ ನೋಡ್ತಿದ್ರೆ ನನ್ನಿಂದ ಆಗಲ್ಲ. ಒಂದೇ ಮನೆಯಲ್ಲಿ ಇರೋರು ನಂಬೋರೇ ಆಗಿರಬೇಕು.”

ಇವನು ಆಗ ಬಾಯಿ ಬಿಟ್ಟ. “ಸದ್ಯಕ್ಕೆ ಇಲ್ಲ. ಬರಿಸ್ಕೊಂಡ್ರೆ ಆಗುತ್ತಾ?”

ಅವಳಿಗೆ ನಗು ತಡೆಯಲಾಗಲಿಲ್ಲ. “ಬರಿಸ್ಕೊಳ್ಳಿ. ಬಂದ ದಿನ ನೀವೇ ಬಂದು ಹೇಳಿ, ಮದುವೆ ಆಗೋಣ. ಸುಳ್ಳು ಮಾತ್ರ ಬೇಡ.”

ಹೀಗೆ ಶುರುವಾಯಿತು ಅವನ ಪ್ರಯತ್ನ. ದಿನಾ ಸಂಜೆ ಅಂಗಡಿಗೆ ಅರ್ಧ ಬಾಗಿಲು ಹಾಕಿ, ದಾರದಮ್ಮನೂ ಹೋಗುವ ಪ್ರಾರ್ಥನೆಯ ಮನೆಗೆ ಹೋಗುವುದು, ಹಿಂದಿನ ಬೆಂಚಿನಲ್ಲಿ ಕೂರುವುದು. ಮನೆಗೆ ಬಂದ ಕೂಡಲೇ ನಾನು, ನಲ್ಲಿಯಲ್ಲಿ ನೀರು ಬಂತಾ ಅನ್ನುವ ಹಾಗೆ, “ಬಂತೇನೋ?” ಎಂದು ಕೇಳುವುದು. “ಇನ್ನೂ ಇಲ್ಲ ಅಕ್ಕಾ” ಎಂದು ಅವನು ಚಪ್ಪಲಿ ಬಿಡುವುದು.

ಒಂದು ದಿನ ಊಟಕ್ಕೆ ಕೂತಾಗ ಕೇಳಿದ, “ಅಲ್ಲಾ, ನಿನಗೆ ಹೇಗೆ ಬಂತು?”

“ನನಗೆಲ್ಲಿ ಬಂತೋ? ಇತ್ತು.”

“ಇತ್ತು ಅಂದ್ರೆ?”

“ಇತ್ತು ಅಂದ್ರೆ ಇತ್ತು ಕಣೋ. ಮೂಗು ಇಲ್ವಾ, ಹಾಗೆ.”

“ನಿನ್ನನ್ನ ಕೇಳಿದ್ದು ನನ್ನ ತಪ್ಪು. ಮೂಗು ಇರೋರು ಮೂಗಿಲ್ಲದವನಿಗೆ ಬುದ್ಧಿ ಹೇಳಿದ ಹಾಗಾಯ್ತು. ಸಾರು ಹಾಕು.”

ಪ್ರಾರ್ಥನೆಯ ಮನೆಯ ಹಿರಿಯರು ಒಳ್ಳೆಯ ಮನುಷ್ಯ. ಇವನು ಅವರ ಹತ್ತಿರ ಏನನ್ನೂ ಬಚ್ಚಿಡಲಿಲ್ಲ. “ಬರ್ತಾ ಇರಪ್ಪ. ಮಾಡ್ತಾ ಮಾಡ್ತಾ ಬರುತ್ತೆ” ಅಂದರಂತೆ ಅವರು. ತನ್ನ ಮಾತನ್ನೇ ಅವರೂ ಹೇಳಿದರಲ್ಲ ಎಂದು ಇವನಿಗೆ ಇನ್ನಷ್ಟು ಹುರುಪು ಬಂತು. ಪ್ರಾರ್ಥನೆಗಳನ್ನೆಲ್ಲ ಕಂಠಪಾಠ ಮಾಡಿದ. ಗಾಜು ಉಜ್ಜುವಾಗಲೂ ಅದೇ, ಸ್ನಾನದ ಮನೆಯಲ್ಲೂ ಅದೇ. ದೇವರ ಕೃಪೆಯಿಂದ, ಅಂದರೆ ನಾನು ಹಾಗನ್ನುತ್ತೇನೆ, ಅವನು ಅನ್ನುವುದಿಲ್ಲ, ಅವನ ಕಂಠ ಚೆನ್ನಾಗಿದೆ. ಹಿಂದಿನ ಬೆಂಚಿನಿಂದ ಮಧ್ಯದ ಬೆಂಚಿಗೆ ಬಂದ, ಅಲ್ಲಿಂದ ಮುಂದಿನ ಬೆಂಚಿಗೆ. ಒಂದು ಸಂಜೆ, ಎದುರು ನಿಂತು ಪ್ರಾರ್ಥನೆ ಹೇಳಿಕೊಡಬೇಕಾದವರಿಗೆ ಗಂಟಲು ಕಟ್ಟಿತ್ತು. ಹಿರಿಯರು ಇವನನ್ನೇ ಎಬ್ಬಿಸಿ ನಿಲ್ಲಿಸಿದರು.

ನಾನೂ ಅವತ್ತು ಅಲ್ಲಿದ್ದೆ. ಎಲ್ಲೂ ತಡವರಿಸದೆ, ಇಳಿಸಬೇಕಾದಲ್ಲಿ ದನಿ ಇಳಿಸಿ, ಎಷ್ಟು ಚೆನ್ನಾಗಿ ಹೇಳಿದ ಅನ್ನುತ್ತೀರಿ! ನನ್ನ ಕಣ್ಣು ತುಂಬಿತು. ಹೊರಗೆ ಬಂದಾಗ ದಾರದಮ್ಮ ನನ್ನ ಕೈ ಹಿಡಿದುಕೊಂಡಳು. “ಬಂದಿದೆ ಅಕ್ಕಾ. ಬಾರದೆ ಹಾಗೆ ಹೇಳೋಕಾಗಲ್ಲ. ನಾಳೆಯೋ ನಾಡಿದ್ದೋ ಬಂದು ಹೇಳ್ತಾರೆ ನೋಡಿ.” ಅವಳ ಮುಖದ ಬೆಳಕು ನೋಡಿ, ಮದುವೆಗೆ ಯಾವ ಸೀರೆ ಉಡಲಿ ಎಂದು ನಾನು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ತಮ್ಮ ಮಾತ್ರ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದ.

ಮಾರನೇ ದಿನ ಮಧ್ಯಾಹ್ನ ಅವನಿಗೆ ಊಟ ತೆಗೆದುಕೊಂಡು ಹೋದೆ. ಕುರ್ಚಿಯಲ್ಲಿ ಒಬ್ಬ ಬಸ್ ಡ್ರೈವರ್ ಕೂತಿದ್ದ. ಮೊದಲೂ ಎರಡು ಸಲ ಹೆಂಡತಿಯ ಜೊತೆ ಬಂದವನೇ. ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬಾ ಎಂದು ಡಿಪೋದಲ್ಲಿ ಹೇಳಿದ್ದರಂತೆ. ನನ್ನ ತಮ್ಮ ಒಂದು ಕಣ್ಣಿಗೆ ಮರೆ ಇಟ್ಟು, “ಓದಿ” ಅಂದ. ಡ್ರೈವರ್ ಮೇಲಿನಿಂದ ಕೆಳಗಿನ ಸಾಲಿನವರೆಗೆ ಗಡಗಡ ಓದಿದ. ಕಣ್ಣು ಕಿರಿದು ಮಾಡಲಿಲ್ಲ, ಉಸಿರು ತೆಗೆದುಕೊಳ್ಳಲಿಲ್ಲ.

“ಭೇಷ್” ಅಂದ ತಮ್ಮ. “ಬಾಯಿಪಾಠ ಯಾರು ಮಾಡಿಸಿದ್ದು ಅಣ್ಣಾ?”

“ಯಾಕೆ, ಕಾಣ್ತಿದೆ, ಓದಿದೆ!”

“ನೀವು ಓದಿದ ಅಕ್ಷರ ಇರೋ ಬದಿ ಗೋಡೆ ಕಡೆ ಮುಖ ಮಾಡಿಕೊಂಡಿದೆ. ಬೆಳಿಗ್ಗೆ ಹಲಗೆ ಒರೆಸಿ ನಾನೇ ತಿರುಗಿಸಿ ತೂಗುಹಾಕಿದೆ. ಈ ಕಡೆ ಬೇರೆ ಅಕ್ಷರ.”

ಡ್ರೈವರ್ ನನ್ನನ್ನು ನೋಡಿದ, ಹಲಗೆಯನ್ನು ನೋಡಿದ, ಕುರ್ಚಿಯಲ್ಲೇ ಕುಗ್ಗಿದ. “ಹೆಂಡ್ತಿ ಹೇಳ್ಕೊಟ್ಟಳು” ಅಂದ. “ಕಣ್ಣು ಹೋಗಿದೆ ಅಂದ್ರೆ ಸ್ಟೀರಿಂಗಿಂದ ಇಳಿಸ್ತಾರೆ ಕಣಣ್ಣಾ.”

“ಕಣ್ಣೆಲ್ಲಿ ಹೋಗಿದೆ? ಗಾಜು ಬೇಕು ಅಷ್ಟೇ. ನೆಟ್ಟಗೆ ಕೂತ್ಕೊಳ್ಳಿ.” ತಟ್ಟೆಯಿಂದ ಒಂದೊಂದೇ ಗಾಜು ತೆಗೆದು ಹಾಕಿ ನೋಡಿದ. ಮೂರನೆಯದೋ ನಾಲ್ಕನೆಯದೋ ಹಾಕಿದಾಗ ಡ್ರೈವರ್ ಬಾಯಿ ತೆರೆದುಕೊಂಡು ಹಲಗೆಯನ್ನೇ ನೋಡಿದ. ಆಮೇಲೆ ಮಗುವಿನ ಹಾಗೆ ನಿಧಾನವಾಗಿ, ಒಂದೊಂದೇ ಅಕ್ಷರ ಓದಿದ. ನಡುವೆ ಒಂದು ತಪ್ಪಿದ.

“ತಪ್ಪಿದ್ರೆ ತಪ್ಪಲಿ, ಈಗ ನೋಡಿ ಓದಿದಿರಿ” ಅಂದ ನನ್ನ ತಮ್ಮ. ಅಂದವನೇ ಕೈಯಲ್ಲಿದ್ದ ಗಾಜನ್ನು ತಟ್ಟೆಗೆ ಹಾಕದೆ ಹಿಡಿದೇ ನಿಂತ.

ಡ್ರೈವರ್ ಹೋದ ಮೇಲೆ ನಾನು ಡಬ್ಬಿ ಬಿಚ್ಚಿಟ್ಟೆ. ಅವನು ಕೈ ತೊಳೆದು ಬಂದು ಅನ್ನದ ಮುಂದೆ ಕೂತ, ಕೈ ಹಾಕಲಿಲ್ಲ.

“ಅಕ್ಕಾ, ನಿನ್ನೆ ನಾನು ಹೇಳಿದ್ದೂ ಬಾಯಿಪಾಠವೇ.”

ನಾನು ಡಬ್ಬಿಯ ಮುಚ್ಚಳ ಕೆಳಗಿಟ್ಟೆ. “ಲೋ, ಅವಳು ಕಾಯ್ತಿದಾಳೆ. ಬಂತು ಅಂತ ಒಂದು ಮಾತು ಹೇಳಿಬಿಡು. ಹಾಕ್ಕೊಂಡಿದ್ರೆ ಹೊಂದಿಕೊಳ್ಳುತ್ತೆ ಅಂತ ನೀನೇ ಅಂದೆಯಲ್ಲ!”

“ಹೊಂದಿಕೊಳ್ಳೋದು ತನ್ನ ನಂಬರಿನ ಗಾಜು. ಪಕ್ಕದ ಮನೆಯವರದ್ದು ಎಷ್ಟು ದಿನ ಹಾಕ್ಕೊಂಡ್ರೂ ತಲೆನೋವೇ ಅಕ್ಕಾ. ಇಷ್ಟು ದಿನ ಕಣ್ಣು ಮುಚ್ಚಿ ಕೂತೆ. ಅಲ್ಲಿ ಯಾರೂ ಇರಲಿಲ್ಲ, ನಾನೇ ಇದ್ದೆ. ಬೇಕು ಅಂತ ಎಷ್ಟು ತಳ್ಳಿದೆ ಗೊತ್ತಾ? ನಿದ್ದೆ ಬರಲಿ ಅಂತ ಹಟ ಹಿಡಿದು ಮಲಗಿದ ಹಾಗೆ, ತಳ್ಳಿದಷ್ಟೂ ದೂರ ಹೋಯ್ತು.”

ಅವನು ಅನ್ನ ಬಿಟ್ಟು ಎದ್ದು ದಾರದಮ್ಮನ ಅಂಗಡಿಗೆ ಹೋದ. ಗಿರಾಕಿಗಳಿದ್ದರು ಅಂತ ಹೊರಗೇ ಕಾದು ನಿಂತು, ಅವರು ಹೋದ ಮೇಲೆ ಹೇಳಿದನಂತೆ: “ಬರಲಿಲ್ಲ. ಬರುತ್ತೆ ಅಂತಲೂ ಹೇಳಲಾರೆ. ನಿನ್ನೆ ಕೇಳಿದ್ದು ನನ್ನ ದನಿ ಮಾತ್ರ. ತಪ್ಪು ತಿಳ್ಕೋಬೇಡಿ.” ಅವಳು ಗುಂಡಿಯ ಡಬ್ಬಿಗಳ ಮುಚ್ಚಳ ಒಂದೊಂದಾಗಿ ಹಾಕಿದಳಂತೆ.

ಆಮೇಲಿನ ದಿನಗಳನ್ನು ಏನು ಹೇಳಲಿ! ಅವನು ಎಡಗಡೆಯ ಗಾಜು ಬಲಗಡೆಗೆ ಹಾಕಿ ಕೊಟ್ಟು ಬೈಸಿಕೊಂಡ. ಸಾರಿಗೆ ಉಪ್ಪು ಹಾಕಲು ನಾನು ಮರೆತರೂ ಗೊತ್ತಾಗಲಿಲ್ಲ ಅವನಿಗೆ. ಅಂಗಿಯ ಗುಂಡಿಗಳು ಮಾತ್ರ ಗಟ್ಟಿಯಾಗಿ ಇದ್ದವು.

ಒಂದು ಭಾನುವಾರ ನಾನು ಬೇಳೆ ಆರಿಸುತ್ತಿದ್ದಾಗ ದಾರದಮ್ಮ ಮನೆಗೇ ಬಂದಳು. ತಮ್ಮ ಇರಲಿಲ್ಲ. ಮೊರದ ಇನ್ನೊಂದು ಬದಿಗೆ ಕೂತು ಅವಳೂ ಕಲ್ಲು ಆರಿಸತೊಡಗಿದಳು. ನಾನು ಏನೂ ಕೇಳಲಿಲ್ಲ. ಸುಮ್ಮನಿದ್ದರೆ ಜನ ತಾವಾಗಿಯೇ ಹೇಳುತ್ತಾರೆ.

“ಅಕ್ಕಾ, ನನಗೆ ಮೊದಲು ಸಿಟ್ಟು ಬಂತು. ಅಷ್ಟು ಚೆನ್ನಾಗಿ ಹೇಳಿ ಇಲ್ಲ ಅಂತಾರಲ್ಲ, ಮನಸ್ಸಿಟ್ಟು ಮಾಡಲಿಲ್ಲವೇನೋ ಅಂತ. ಆಮೇಲೆ ನನ್ನದೇ ನೆನಪಾಯ್ತು. ನನ್ನವರು ಸತ್ತಾಗ ನಾನು ದೇವರ ಜೊತೆ ಟೂ ಬಿಟ್ಟೆ. ನೀನಿಲ್ಲ, ಇವತ್ತಿಂದ ನಾನು ನಿನ್ನನ್ನ ನಂಬಲ್ಲ ಅಂತ ತೀರ್ಮಾನ ಮಾಡಿದೆ. ಸಂಜೆ ಕೂರೋದು ಬಿಟ್ಟೆ. ಏನಾಯ್ತು ಹೇಳಿ?”

“ಏನಾಯ್ತಮ್ಮಾ?”

“ನಂಬಲ್ಲ ಅಂತ ಅವನ ಹತ್ರವೇ ಹೇಳ್ತಾ ಇದ್ದೆ! ಪಾತ್ರೆ ತೊಳೆಯುವಾಗ, ಅಂಗಡಿ ಗುಡಿಸುವಾಗ, ಇಡೀ ದಿನ ಅವನ ಜೊತೆಯೇ ಜಗಳ. ಇಲ್ಲದವನ ಜೊತೆ ಯಾರಾದ್ರೂ ಅಷ್ಟು ಜಗಳ ಆಡ್ತಾರಾ?” ಅವಳು ನಕ್ಕಳು, ಕಣ್ಣು ಒರೆಸಿಕೊಂಡಳು. “ಬಿಡಬೇಕು ಅಂದ್ರೂ ನನಗೆ ಬಿಡೋಕಾಗಲಿಲ್ಲ. ಹಿಡೀರಿ ಅಂತ ಅವರಿಗೆ ಹೇಗೆ ಹೇಳಿದೆನೋ. ನಾನು ಕೇಳಬಾರದ್ದು ಕೇಳಿದೆ ಅಕ್ಕಾ.”

ಅಷ್ಟರಲ್ಲಿ ಬಾಗಿಲಲ್ಲಿ ನನ್ನ ತಮ್ಮ. ಅವಳನ್ನು ನೋಡಿ ಒಂದು ಚಪ್ಪಲಿ ಬಿಟ್ಟು, ಇನ್ನೊಂದರಲ್ಲೇ ನಿಂತ.

“ಒಳಗೆ ಬನ್ನಿ, ನಿಮ್ಮ ಮನೆಯೇ” ಅಂದಳು ದಾರದಮ್ಮ. “ಒಂದು ಮಾತು ಕೇಳ್ತೀನಿ. ನಾನು ಸಂಜೆ ಕೂತಾಗ ನೀವು ನಗ್ತೀರಾ?”

“ಛೆ ಛೆ!”

“ಪಕ್ಕದಲ್ಲಿ ಸುಮ್ಮನೆ ಕಣ್ಣು ಮುಚ್ಚಿ ಕೂರ್ತೀರಾ, ನನ್ನ ಸಮಾಧಾನಕ್ಕೆ?”

“ಇಲ್ಲ. ಅದು ಇನ್ನು ನನ್ನಿಂದ ಆಗಲ್ಲ.”

“ಸದ್ಯ” ಅಂದಳು ಅವಳು. “ಕೂತಿದ್ರೆ ನನ್ನ ಗಮನವೆಲ್ಲ ನಿಮ್ಮ ಮೇಲೇ ಇರ್ತಿತ್ತು. ಆ ಹೊತ್ತಲ್ಲಿ ಏನಾದ್ರೂ ಕೆಲಸ ನೋಡ್ಕೊಳ್ಳಿ. ಗಲಾಟೆ ಇಲ್ಲದ ಕೆಲಸ.”

ಅವನಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದ. “ಲೋ ಪೆದ್ದ, ಒಪ್ಪಿದಾಳೆ ಕಣೋ! ಇನ್ನೊಂದು ಚಪ್ಪಲೀನೂ ಬಿಡು” ಅಂದೆ.

ಈಗ ಅವಳೂ ಈ ಮನೆಯಲ್ಲೇ ಇದ್ದಾಳೆ. ಹಿರಿಯರು ದಾರಿಯಲ್ಲಿ ಸಿಕ್ಕಾಗಲೆಲ್ಲ, “ಬಂತೇನಪ್ಪಾ?” ಎಂದು ಕೇಳುತ್ತಾರೆ. “ಹೆಂಡತಿ ಬಂದಳು” ಅನ್ನುತ್ತಾನೆ ಇವನು. ಇಬ್ಬರೂ ನಗುತ್ತಾರೆ. ಒಂದು ದಿನ ಬಂದರೂ ಬರಬಹುದು ಎಂದು ನನಗೆ ಆಸೆ. ಹಾಗಾಗಲಿ ಎಂದು ನಾನು ಅವನ ಪರವಾಗಿ ದೇವರನ್ನು ಕೇಳಿಕೊಳ್ಳುತ್ತೇನೆ, ಅವನಿಗೆ ಹೇಳದೆ. ದಾರದಮ್ಮನೂ ಕೇಳಿಕೊಳ್ಳುತ್ತಾಳೋ ಏನೋ, ಅದನ್ನು ನಾನು ವಿಚಾರಿಸಿಲ್ಲ.

ಸಂಜೆ ಅವಳು ಒಳಕೋಣೆಯಲ್ಲಿ ಕೂತಾಗ ಇವನು ಮಧ್ಯಾಹ್ನದ ಪಾತ್ರೆ ತೊಳೆಯುತ್ತಾನೆ. ಸ್ಟೀಲಿನ ತಟ್ಟೆಗಳು ಸದ್ದು ಮಾಡದ ಹಾಗೆ ತೊಟ್ಟಿಯ ತಳಕ್ಕೆ ಹಳೆಯ ಟವೆಲ್ ಹಾಸಿಕೊಂಡಿದ್ದಾನೆ. ನಲ್ಲಿಯನ್ನು ಸಣ್ಣಗೆ ಬಿಡುತ್ತಾನೆ. ಇವತ್ತು ಅನ್ನದ ಪಾತ್ರೆಯ ತಳ ಹಿಡಿದಿತ್ತು. “ಇದನ್ನ ಉಜ್ಜಿದ್ರೆ ಸದ್ದಾಗುತ್ತೆ ಅಕ್ಕಾ” ಎಂದು ಪಿಸುಗುಟ್ಟಿ, ಅದಕ್ಕೆ ನೀರು ತುಂಬಿ ಪಕ್ಕಕ್ಕಿಟ್ಟ. ಲೋಟಗಳನ್ನು ತೊಳೆದು ಒಂದೊಂದಾಗಿ ನನ್ನ ಕೈಗೆ ಕೊಟ್ಟ. ನಾನು ಒರೆಸಿ ಗೂಡಿನಲ್ಲಿ ಬೋರಲು ಹಾಕಿದೆ.