ಅವ್ವನ ತೊಡೆಯ ಮೇಲಿನ ಗಡಿಯಾರ

ಇವತ್ತು ನಾಸಿಕದ ಪಂಚವಟಿಯಲ್ಲಿ ಹಳೇ ಸಾಮಾನಿನ ಅಂಗಡಿಯ ಕಟ್ಟೆ ಮೇಲೆ, ಮರದ ಪೆಟ್ಟಿಗೆಯೊಳಗೆ ಕೂತಿದ್ದ ಹಿತ್ತಾಳೆಯ ಕ್ರೊನೋಮೀಟರ್ ಕಂಡು ಅಲ್ಲೇ ನಿಂತುಬಿಟ್ಟೆ. ಹಿಂದೆ ಸರ್ವೆಯವರು ನಕ್ಷತ್ರ ನೋಡಿ ಊರಿನ ರೇಖಾಂಶ ಲೆಕ್ಕ ಹಾಕಲು ಬಳಸುತ್ತಿದ್ದ, ಕ್ಷಣವೂ ತಪ್ಪದ ಗಡಿಯಾರವದು.

ನನ್ನಪ್ಪ ಸರ್ವೆ ಕಚೇರಿಯಲ್ಲಿದ್ದರು. ಅಂಥದ್ದೊಂದನ್ನು ಓಡುತ್ತಿರುವಂತೆಯೇ, ಕುಲುಕದೆ, ನಾಸಿಕದಿಂದ ಆಗಿನ ಔರಂಗಾಬಾದಿಗೆ ಮುಟ್ಟಿಸುವ ಹೊಣೆ ಅವರ ಮೇಲೆ ಬಿತ್ತು. ಅವ್ವ ಅದನ್ನು ಕೌದಿಯಲ್ಲಿ ಸುತ್ತಿ, ಎದೆಗವಚಿಕೊಂಡು ಬಸ್ ಹತ್ತಿದಳು. ನಾನು ಅವಳ ಸೆರಗು ಹಿಡಿದಿದ್ದೆ. ಕಾಲಿಡಲೂ ಜಾಗವಿರಲಿಲ್ಲ. ಕೂಸು ಮಲಗಿದೆ ಅಂದುಕೊಂಡು ಮರಾಠಿ ಅಜ್ಜಿಯೊಬ್ಬಳು ಎದ್ದು, "ಬಸಾ ಬಾಯೀ, ಬಾಳ ಝೋಪ್ಲಂಯ್" ಎಂದು ಸೀಟು ಕೊಟ್ಟಳು.

ಅಪ್ಪನಿಗೆ ಸಂಕೋಚ. "ಗಡಿಯಾರ ಅಂತ ಹೇಳಿಬಿಡು," ಎಂದು ಪಿಸುಗುಟ್ಟಿದರು.

"ಸುಮ್ಮನಿರ್ರಿ, ಎಚ್ಚರಾಗ್ತದ," ಎಂದಳು ಅವ್ವ.

ಮುಖ ನೋಡಲು ಅಜ್ಜಿ ಕೌದಿಯ ತುದಿ ಸರಿಸಿದಳು. ಪೆಟ್ಟಿಗೆ ಟಿಕ್ ಟಿಕ್ ಎನ್ನುತ್ತಿತ್ತು. ಅವಳು ನಕ್ಕಳು, ಬಸ್ಸಿಗೆ ಬಸ್ಸೇ ನಕ್ಕಿತು. ಆದರೂ ಸೀಟು ವಾಪಸ್ ಕೇಳಲಿಲ್ಲ. ಗುಂಡಿ ಬಂದಾಗಲೆಲ್ಲ "ಹಳೂ ಚಾಲವ್ ರೇ!" ಎಂದು, ಮೆಲ್ಲಗೆ ಓಡಿಸೋ ಅಂತ ಡ್ರೈವರನನ್ನು ಗದರುತ್ತಲೇ ಬಂದಳು.

ಔರಂಗಾಬಾದಿನ ಕಚೇರಿಯಲ್ಲಿ ಪೆಟ್ಟಿಗೆ ತೆರೆದಾಗ ಮುಳ್ಳು ಓಡುತ್ತಿತ್ತು. ಎಲ್ಲರೂ ಮುಳ್ಳು ನೋಡಿದರೆ, ಅಪ್ಪ ಅವ್ವನನ್ನು ನೋಡಿದರು.

ಇವತ್ತು ಅಂಗಡಿಯಿಂದಲೇ ಅವ್ವನಿಗೆ ಗಡಿಯಾರದ ಫೋಟೊ ಕಳಿಸಿದೆ. ತಕ್ಷಣ ಫೋನ್ ಬಂತು. "ಅಯ್ಯ, ಹಂಗ ಕಟ್ಟೀ ಮ್ಯಾಲ ಇಟ್ಟಾರಲ್ಲ, ಯಾರೂ ಎತ್ತಿಕೊಂಡಿಲ್ಲೇನ?"